ಅರವತ್ತಮೂರನೇ ಬಿಲ್ಲೆ

ನಮ್ಮ ಗುಡ್ಡಕ್ಕೆ ಬರುವವರೆಲ್ಲ ತಪ್ಪದೆ ಹೇಳುವ ಮಾತೊಂದಿದೆ: ನೀವೇ ಪುಣ್ಯವಂತರು ಕಣ್ರೀ, ದಿನವೂ ಇಲ್ಲೇ ಇರ್ತೀರಿ. ಹದಿಮೂರು ವರ್ಷದಿಂದ ಈ ಉದ್ಯಾನದ ಕಚೇರಿಯಲ್ಲಿ ಟೈಪಿಸ್ಟ್ ಆಗಿರುವ ನನಗೆ ಇದನ್ನು ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ನನ್ನ ಮೇಜಿನ ಎದುರಿನ ಕಿಟಕಿಯಿಂದ ಕಾಣುವುದು ಶೌಚಾಲಯದ ಹಿಂಗೋಡೆ. ಗುಡ್ಡ ಇರುವುದು ನನ್ನ ಬೆನ್ನ ಹಿಂದೆ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ಹತ್ತಿರದ ಬೆಟ್ಟ ನುಣ್ಣಗಿದೆಯೋ ಒರಟಾಗಿದೆಯೋ ನೋಡಲು ನಮಗೆ ಪುರುಸೊತ್ತಿಲ್ಲ.

ಗುಡ್ಡವೇನೂ ಆಕಾಶ ಮುಟ್ಟುವಂಥದ್ದಲ್ಲ. ಪಟ್ಟಣದಿಂದ ಬಸ್ಸಿನಲ್ಲಿ ಅರ್ಧ ಗಂಟೆ, ಅಲ್ಲಿಂದ ಹತ್ತಲು ಒಂದೂಕಾಲು ಗಂಟೆ. ಮೊದಲು ಜಲ್ಲಿಯ ದಾರಿ, ಆಮೇಲೆ ಕಲ್ಲಿನ ಮೆಟ್ಟಿಲು, ಕೊನೆಗೆ ಕಬ್ಬಿಣದ ಕಂಬಿ ಹಿಡಿದು ಹತ್ತುವ ಬೋಳು ಬಂಡೆ. ನಡುವೆ ನಾಲ್ಕು ಕಡೆ ಕಲ್ಲುಬೆಂಚು. ತುದಿಯಲ್ಲಿ ನಿಂತರೆ ಇಡೀ ಪಟ್ಟಣ ಕಾಣುತ್ತದಂತೆ. ಭಾನುವಾರ ಅಲ್ಲಿ ಫೋಟೋ ತೆಗೆಸಿಕೊಳ್ಳಲು ಸಾಲು ನಿಲ್ಲುತ್ತಾರೆ. ಪತ್ರಿಕೆಯವರು ಇವರಿಗೆ ಚಾರಣಿಗರು ಅಂತ ಹೆಸರಿಟ್ಟಿದ್ದಾರೆ. ಒಂದೂಕಾಲು ಗಂಟೆಯ ಗುಡ್ಡಕ್ಕೆ ನಾಲ್ಕು ದಿನದ ಸಾಮಾನು ಹೊತ್ತು, ಎರಡು ಕೈಯಲ್ಲಿ ಎರಡು ಕೋಲು ಹಿಡಿದು ಬರುತ್ತಾರೆ. ಹತ್ತುವಾಗ ಬಲು ಗಂಭೀರ. ಇಳಿದ ಮೇಲೆ ಮೊದಲು ಕೇಳುವುದು ಟೀ ಎಲ್ಲಿ ಸಿಗುತ್ತೆ ಅಂತ.

ಈ ಗುಡ್ಡದ ಬಾಗಿಲಲ್ಲಿ ಹತ್ತೊಂಬತ್ತು ವರ್ಷದಿಂದ ಕೂತಿರುವವಳು ಬಿಲ್ಲೆಯಕ್ಕ. ತಂದೆತಾಯಿ ಇಟ್ಟ ಹೆಸರು ಬೇರೆ ಇದೆ. ಅದು ಕಚೇರಿಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಅವಳದು ಎಂಟಡಿ ಉದ್ದ, ಆರಡಿ ಅಗಲದ ಮರದ ಗೂಡು. ಒಳಗೆ ಒಂದು ಕುರ್ಚಿ, ಒಂದು ಸ್ಟೂಲು, ಒಂದು ಫೋನು, ಗೋಡೆಗೆ ದೊಡ್ಡದೊಂದು ಹಲಗೆ. ಹಲಗೆಯ ಮೇಲೆ ಎಂಬತ್ತು ಮೊಳೆ, ಒಂದೊಂದು ಮೊಳೆಗೂ ನಂಬರು ಕೊರೆದ ಒಂದೊಂದು ಹಿತ್ತಾಳೆ ಬಿಲ್ಲೆ. ಗುಡ್ಡ ಹತ್ತುವವರಿಗೆ ಅಕ್ಕ ಒಂದು ಬಿಲ್ಲೆ ಕೊಡುತ್ತಾಳೆ. ಇಳಿದು ಬಂದವರು ಅದನ್ನು ಅದರ ಮೊಳೆಗೇ ತೂಗುಹಾಕಿ ಹೋಗಬೇಕು. ಎಂಬತ್ತೂ ಖರ್ಚಾದರೆ ಮುಂದಿನವರು ಕಾಯಬೇಕು. ಹೆಸರಿಲ್ಲ, ವಿಳಾಸವಿಲ್ಲ, ಸಹಿಯಿಲ್ಲ. ಮೊಳೆ ಖಾಲಿ ಅಂದರೆ ಮನುಷ್ಯ ಮೇಲಿದ್ದಾನೆ, ಅಷ್ಟೇ ಲೆಕ್ಕ.

ಸಂಜೆ ಆರಕ್ಕೆ ಸೈಕಲ್ ಮೇಲೆ ಗಾರ್ಡ್ ಬರುತ್ತಾನೆ. ಅವನು ಅಕ್ಕನ ಮುಖ ನೋಡುವುದಿಲ್ಲ, ಹಲಗೆ ನೋಡುತ್ತಾನೆ. ಎಂಬತ್ತೂ ಹೊಳೆಯುತ್ತಿದ್ದರೆ ದೀಪ ಆರಿಸಿ, ಗೂಡಿಗೆ ಬೀಗ ಜಡಿದು, ಅಕ್ಕನನ್ನು ಹೊರಗೆ ಕಳಿಸಿ ಗೇಟು ಎಳೆಯುತ್ತಾನೆ. ಒಂದು ಮೊಳೆ ಖಾಲಿ ಕಂಡರೂ ಬೀಗದ ಕೈ ಅಕ್ಕನ ಕೈಗಿಟ್ಟು ಉಳಿದ ಮೂರು ಗೇಟು ಮುಚ್ಚಲು ಹೊರಡುತ್ತಾನೆ. ಅಕ್ಕ ಕಾಯಬೇಕು. ಏಳೂವರೆಯವರೆಗೂ ಯಾರೂ ಇಳಿಯದಿದ್ದರೆ ಹುಡುಕುವ ದಳಕ್ಕೆ ಫೋನ್ ಮಾಡಬೇಕು. ಈ ನಿಯಮಗಳನ್ನು ಟೈಪ್ ಮಾಡಿ ಗೂಡಿನ ಗೋಡೆಗೆ ಅಂಟಿಸಿದವಳು ನಾನೇ, ಆದ್ದರಿಂದ ನನಗೆ ಬಾಯಿಪಾಠ.

ಹಗಲೆಲ್ಲ ಅಕ್ಕನ ಕಿಟಕಿಯ ಮುಂದೆ ಜನ. ಎಷ್ಟು ದೂರ, ಎಷ್ಟು ಹೊತ್ತು, ಮೇಲೆ ನೀರು ಸಿಗುತ್ತಾ, ಮಕ್ಕಳು ಹತ್ತಬಹುದಾ, ಹಾವಿದೆಯಾ. ಹಾವಿಲ್ಲ ಅಂದರೆ ಕೆಲವರಿಗೆ ಬೇಜಾರೇ ಆಗುತ್ತದೆ. ನೀವು ಎಷ್ಟು ಸಲ ಹತ್ತಿದ್ದೀರಿ ಅಂತಲೂ ಕೇಳುತ್ತಾರೆ. ಅಕ್ಕ ನಕ್ಕು ಬಿಲ್ಲೆ ಕೈಗಿಡುತ್ತಾಳೆ. ನಿಜ ಹೇಳಬೇಕೆಂದರೆ ಅವಳು ಮೊದಲ ತಿರುವು ದಾಟಿದವಳೇ ಅಲ್ಲ. ಕೆಲಸದ ಹೊತ್ತಿನಲ್ಲಿ ಗೂಡು ಬಿಡುವಂತಿಲ್ಲ, ರಜೆಯ ದಿನ ಅದೇ ಜಾಗಕ್ಕೆ ಬರಲು ಅವಳಿಗೇನು ಹುಚ್ಚೇ?

ಸಂಜೆ ಮನೆಗೆ ಹೋದರೆ ಅಲ್ಲೂ ಜನವೇ. ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಒಂದು ಕೋಣೆಯಲ್ಲಿ ಮಗಳು ಪರೀಕ್ಷೆಗೆ ಓದುತ್ತಾಳೆ. ಗಟ್ಟಿಯಾಗಿ ಓದಿದರೆ ಮಾತ್ರ ಅವಳ ತಲೆಗೆ ಹೋಗುತ್ತದೆ. ಇನ್ನೊಂದರಲ್ಲಿ ಅತ್ತಿಗೆ, ಅಂದರೆ ಗಂಡನ ಅಕ್ಕ. ಅವರಿಗೆ ಕಿವಿ ಮಂದ, ಹಾಗಾಗಿ ಟೀವಿಯ ದನಿ ಕೆಳಗಿನ ಬೀದಿಗೂ ಕೇಳುತ್ತದೆ. ಅಡುಗೆಮನೆಯಲ್ಲಿ ಒಬ್ಬರು ನಿಂತರೆ ಇನ್ನೊಬ್ಬರು ಓರೆಯಾಗಿ ನಿಲ್ಲಬೇಕು. ಹಾಗೆ ಓರೆಯಾಗಿ ನಿಂತು ಮಾತಾಡುವವರು ಅಕ್ಕನ ಗಂಡ.

ಅವರನ್ನು ನಾನು ಭಾವ ಅನ್ನುತ್ತೇನೆ. ಮೂವತ್ತಮೂರು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಕಂಚಿನ ಕಂಠ. ದಿನಕ್ಕೆ ಸಾವಿರ ಜನರ ಜೊತೆ ಮಾತಾಡಿದ ಬಾಯಿ ಮೂರು ವರ್ಷದ ಹಿಂದೆ ನಿವೃತ್ತಿಯಾಗಿ ಮನೆಗೆ ಬಂತು. ಆ ಸಾವಿರ ಜನರ ಪಾಲಿನ ಮಾತೆಲ್ಲ ಅಕ್ಕ ಒಬ್ಬಳ ಮೇಲೆ ಬಿತ್ತು. ಅವಳು ತರಕಾರಿ ಹೆಚ್ಚುವಾಗ ಪಕ್ಕದಲ್ಲಿ ನಿಂತು ಮಾತು, ಬಟ್ಟೆ ಮಡಚುವಾಗ ಎದುರು ಕೂತು ಮಾತು, ಸ್ನಾನಕ್ಕೆ ಹೋದರೆ ಬಚ್ಚಲಿನ ಬಾಗಿಲ ಹೊರಗೆ ನಿಂತು, ಒಳಗೆ ನೀರಿನ ಸದ್ದು ನಿಂತಾಗ ಎಲ್ಲಿಗೆ ಬಂದಿದ್ದೆ ಅಂತ ಕೇಳಿ ಮತ್ತೆ ಮಾತು. ಬೆಳಿಗ್ಗೆ ಬಸ್‌ಸ್ಟಾಪಿನವರೆಗೆ ಬಿಡಲು ಬರುತ್ತಿದ್ದರು, ಸಂಜೆ ಅದೇ ಸ್ಟಾಪಿನಲ್ಲಿ ಕಾಯುತ್ತಿದ್ದರು.

ಕೆಟ್ಟವರಾಗಿದ್ದರೆ ಸುಲಭವಿತ್ತು. ಕುಡಿಯುವುದಿಲ್ಲ, ಬೈಯುವುದಿಲ್ಲ, ಪಾತ್ರೆ ತೊಳೆಯುತ್ತಾರೆ, ಹೆಂಡತಿಗೆ ತಲೆನೋವು ಬಂದರೆ ಹಣೆ ಒತ್ತುತ್ತಾರೆ, ಒತ್ತುತ್ತ ಮಾತಾಡುತ್ತಾರೆ. ಇಂಥ ಗಂಡನ ಮೇಲೆ ಯಾರ ಹತ್ತಿರ ದೂರು ಹೇಳುವುದು? ಹೇಳಿದರೆ ಕೇಳಿದವರು ಅಕ್ಕನಿಗೇ ಬುದ್ಧಿ ಹೇಳಿ ಕಳಿಸುತ್ತಿದ್ದರು. ಬಿಸಿತುಪ್ಪ ಅನ್ನುತ್ತಾರಲ್ಲ, ಉಗುಳಲೂ ಆಗದು, ನುಂಗಲೂ ಆಗದು. ಅಕ್ಕ ಬಾಯಲ್ಲಿಟ್ಟುಕೊಂಡೇ ಇದ್ದಳು.

ಭಾವ ನಿವೃತ್ತರಾಗಿ ಆರು ತಿಂಗಳಾಗಿರಬಹುದು. ಒಂದು ಸಂಜೆ ಒಬ್ಬ ಮುದುಕ ಚಾರಣಿಗ ನಿಜಕ್ಕೂ ತಡಮಾಡಿದ. ಗಾರ್ಡ್ ಬೀಗದ ಕೈ ಕೊಟ್ಟು ಹೋದ. ಅಕ್ಕ ಮನೆಗೆ ಫೋನ್ ಮಾಡಿ, ಒಬ್ಬರು ಇನ್ನೂ ಇಳಿದಿಲ್ಲ, ತಡವಾಗುತ್ತದೆ ಅಂದಳು. ಫೋನ್ ಇಟ್ಟಳು. ಆಮೇಲೆ ಏನೋ ಆಗಿದೆ ಅನ್ನಿಸಿತಂತೆ. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಯಾರೂ ಮಾತಾಡುತ್ತಿರಲಿಲ್ಲ. ಗೂಡಿನ ಹಿಂದಿನ ಮರದ ಎಲೆ ಅಲ್ಲಾಡುವುದು ಕೇಳಿಸುತ್ತಿತ್ತು. ಹದಿನಾರು ವರ್ಷ ಅದೇ ಮರದ ಕೆಳಗೆ ಕೂತವಳು ಅದರ ಸದ್ದನ್ನು ಅವತ್ತೇ ಮೊದಲು ಕೇಳಿದ್ದು. ಮುದುಕ ಏಳಕ್ಕೆ ಇಳಿದು ಬಂದು ನೂರು ಸಲ ಕ್ಷಮೆ ಕೇಳಿದ. ಇಷ್ಟು ಬೇಗ ಯಾಕೆ ಬಂದೆಯೋ ಮಹರಾಯ ಅಂತ ಕೇಳುವಷ್ಟು ಅಕ್ಕನಿಗೆ ಸಿಟ್ಟು ಬಂದಿತ್ತು.

ಒಂದು ವಾರ ತಡೆದಳು. ಮುಂದಿನ ವಾರ, ಆರಕ್ಕೆ ಐದು ನಿಮಿಷವಿದ್ದಾಗ, ಎಲ್ಲ ಬಿಲ್ಲೆಗಳೂ ಮೊಳೆ ಸೇರಿದ್ದಾಗ, ಅರವತ್ತಮೂರನೇ ಬಿಲ್ಲೆಯನ್ನು ತೆಗೆದು ಕನ್ನಡಕದ ಡಬ್ಬಿಯೊಳಗೆ ಹಾಕಿಕೊಂಡಳು. ಗಾರ್ಡ್ ಬಂದ, ಹಲಗೆ ನೋಡಿದ, ಬೀಗದ ಕೈ ಕೊಟ್ಟು ಹೋದ. ಅಕ್ಕ ಮನೆಗೆ ಫೋನ್ ಮಾಡಿದಳು. ಏಳು ಹೊಡೆಯುವವರೆಗೆ ಕೂತಳು, ಬಿಲ್ಲೆಯನ್ನು ಮೊಳೆಗೆ ಹಾಕಿದಳು, ಬೀಗ ಹಾಕಿ ಹೊರಟಳು. ಅರವತ್ತಮೂರೇ ಯಾಕೆ ಅಂದರೆ, ಭಾನುವಾರ ಬಿಟ್ಟರೆ ಜನ ಆ ನಂಬರಿನವರೆಗೆ ಬರುವುದಿಲ್ಲ.

ಇದೆಲ್ಲ ಆಗ ನನಗೆ ಗೊತ್ತಿರಲಿಲ್ಲ. ಗುಟ್ಟು ರಟ್ಟಾದ ಮೇಲೆ ಅವಳೇ ಹೇಳಿದ್ದು. ಆ ಒಂದು ಗಂಟೆ ಏನು ಮಾಡುತ್ತಿದ್ದೆ ಅಂತ ಕೇಳಿದೆ. ಓದುತ್ತಿದ್ದೆಯಾ, ಹೆಣೆಯುತ್ತಿದ್ದೆಯಾ, ಅಳುತ್ತಿದ್ದೆಯಾ? ಏನೂ ಇಲ್ಲ ಅಂದಳು. ಚಪ್ಪಲಿ ಬಿಟ್ಟು ಕಾಲನ್ನು ಸ್ಟೂಲಿನ ಮೇಲೆ ಚಾಚುತ್ತಿದ್ದಳಂತೆ. ಒಂದು ದಿನ ಇಡೀ ಸೇಬನ್ನು, ಯಾರಿಗೂ ಹೋಳು ಮಾಡಿ ಕೊಡದೆ, ಹಲ್ಲಿನಿಂದಲೇ ಕಚ್ಚಿ ತಿಂದಳಂತೆ. ಇದನ್ನು ಹೇಳುವಾಗ ಅವಳ ಮುಖ ಕೆಂಪಾಯಿತು. ಕಳ್ಳತನ ಮಾಡಿದವರು ಕೂಡ ಅಷ್ಟು ನಾಚುವುದಿಲ್ಲ.

ವಾರಕ್ಕೆ ಒಂದು ಸಲ ಇದ್ದದ್ದು ಎರಡಾಯಿತು, ಎರಡು ನಾಲ್ಕಾಯಿತು. ರುಚಿ ಹತ್ತಿದ ಮೇಲೆ ಹಾಗೇ. ಮನೆಯಲ್ಲಿ ಚಾರಣಿಗರನ್ನು ಬೈಯುವುದೇ ಒಂದು ಕೆಲಸವಾಯಿತು. ಹೊತ್ತು ಗೊತ್ತು ಇಲ್ಲದ ಜನ ಅಂತ ಅತ್ತಿಗೆ ಶಪಿಸುತ್ತಿದ್ದರು. ಗುಡ್ಡ ಹತ್ತುವವರಿಗೆ ವಾಚು ಕಟ್ಟಿಕೊಳ್ಳಲು ಏನು ರೋಗ ಅಂತ ಭಾವ. ಅಕ್ಕ ತಲೆ ತಗ್ಗಿಸಿ ಅನ್ನ ಬಡಿಸುತ್ತಿದ್ದಳು. ಎರಡೂವರೆ ವರ್ಷ ಹೀಗೇ ನಡೆಯಿತು.

ಕಳೆದ ಚಳಿಗಾಲದಲ್ಲಿ ಅತ್ತಿಗೆ ತಮ್ಮನ ಕಿವಿಯಲ್ಲಿ ಒಂದು ಮಾತು ಹಾಕಿದರು: ಕತ್ತಲಾಗೋ ಹೊತ್ತಲ್ಲಿ, ಕಾಡಿನ ಅಂಚಿನಲ್ಲಿ, ಹೆಂಗಸು ಒಬ್ಬಳೇ ಕೂತಿರುವುದು ಸರಿಯೇ? ಇಷ್ಟು ದಿನ ತನಗೆ ಇದು ಹೊಳೆಯಲಿಲ್ಲವಲ್ಲ ಅಂತ ಭಾವ ತಮ್ಮನ್ನೇ ಬೈದುಕೊಂಡರಂತೆ. ಮರುದಿನ ಅಕ್ಕನ ಫೋನ್ ಬರುವ ಮೊದಲೇ ಫ್ಲಾಸ್ಕಿನಲ್ಲಿ ಟೀ ತುಂಬಿಸಿ, ಬಿಸ್ಕೆಟ್ ಪೊಟ್ಟಣ, ಟಾರ್ಚು, ಶಾಲು ಎಲ್ಲ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿಯೇ ಬಿಟ್ಟರು.

ಆರು ಗಂಟೆ ಹತ್ತು ನಿಮಿಷ. ಅಕ್ಕ ಆಗಷ್ಟೇ ಕಾಲು ಚಾಚಿದ್ದಳು. ಬಾಗಿಲು ತೆರೆದು, ನೀನೊಬ್ಬಳೇ ಯಾಕೆ ಕಾಯ್ಬೇಕು, ನಾನಿಲ್ವಾ ಅಂತ ಭಾವ ಒಳಗೆ ಬಂದರು. ಅವಳ ಕಾಲ ಕೆಳಗಿನ ಸ್ಟೂಲನ್ನೇ ಎಳೆದುಕೊಂಡು ಕೂತರು. ಕೂತದ್ದು ಹಲಗೆಗೆ ನೇರ ಎದುರು.

ಕನ್ನಡಕದ ಡಬ್ಬಿ ಅಕ್ಕನ ಮಡಿಲಲ್ಲಿತ್ತು. ಅವರು ಒಂದು ಸಲ ಅತ್ತ ತಿರುಗಿದರೆ ಸಾಕು, ಬಿಲ್ಲೆಯನ್ನು ಮೊಳೆಗೆ ಹಾಕಿ, ಅಯ್ಯೋ ಇಲ್ಲೇ ಇದೆಯಲ್ಲ ಅಂದುಬಿಡಬಹುದಿತ್ತು. ಆದರೆ ಕಂಡಕ್ಟರನ ಕಣ್ಣು ಅತ್ತಿತ್ತ ಹೋದೀತೇ? ಎಂಬತ್ತು ಮೊಳೆಯಲ್ಲಿ ಖಾಲಿ ಇದ್ದ ಒಂದನ್ನು ಕೂತ ಕೂಡಲೇ ಹಿಡಿದರು. ಅದರ ಮೇಲೆಯೇ ಕಣ್ಣಿಟ್ಟುಕೊಂಡು ವಿಚಾರಣೆ ಶುರುಮಾಡಿದರು. ಹೋದವರು ಗಂಡಸೋ ಹೆಂಗಸೋ? ಎಷ್ಟು ವಯಸ್ಸು? ಕೈಯಲ್ಲಿ ಏನಿತ್ತು?

ಒಂದು ಸುಳ್ಳಿಗೆ ಹತ್ತು ಸುಳ್ಳು ಕಾವಲು ಬೇಕು. ಹೆಂಗಸು ಅಂದಳು ಅಕ್ಕ. ಐವತ್ತು ದಾಟಿದ ಹಾಗಿತ್ತು. ಬೂದು ಕೋಟು, ಸಣ್ಣ ಕೈಚೀಲ. ಜೊತೆಗೆ ಯಾರಿದ್ದರು ಅಂತ ಭಾವ ಕೇಳಿದರು. ಒಬ್ಬಳೇ ಅಂದಳು. ಆ ಮಾತಿಗೆ ಭಾವ ಟೀ ಲೋಟ ಕೆಳಗಿಟ್ಟರು.

“ಒಬ್ಬಳೇ ಹೋಗೋಕೆ ಮನೇಲಿ ಹೇಗ್ರೀ ಬಿಟ್ರು?” ಅಂತ ಕಿಟಕಿಯಾಚೆಯ ಗುಡ್ಡವನ್ನೇ ಕೇಳಿದರು. “ಪಾಪ, ಅವಳಿಗೆ ಯಾರೂ ಇಲ್ಲವೇನೋ.”

ಹುಡುಕುವ ದಳಕ್ಕೆ ಈಗಲೇ ಫೋನ್ ಮಾಡು ಅಂದರು. ನಿಯಮದ ಪ್ರಕಾರ ಏಳೂವರೆಗೆ ಅಂತ ಅಕ್ಕ ನಾನು ಟೈಪ್ ಮಾಡಿದ ಕಾಗದ ತೋರಿಸಿದಳು. ಭಾವ ಅದನ್ನು ಪೂರ್ತಿ ಓದಿದರು, ಕನ್ನಡಕ ತೆಗೆದರು, ನಿಯಮ ಬರೆದವನಿಗೆ ಅಕ್ಕತಂಗಿ ಇಲ್ಲ ಅಂತ ತೀರ್ಮಾನ ಕೊಟ್ಟರು. ಟಾರ್ಚು ಹಿಡಿದು ಎದ್ದೇಬಿಟ್ಟರು. ಮೂವತ್ತಮೂರು ವರ್ಷ ನಿಂತು ನಿಂತು ಸವೆದ ಮಂಡಿ ಅವರದು, ಮನೆಯ ಮೂರು ಮಹಡಿ ಹತ್ತುವಾಗ ಎರಡು ಕಡೆ ನಿಲ್ಲುತ್ತಾರೆ. ಬೇಡ ಅಂತ ಅಕ್ಕ ತೋಳು ಹಿಡಿದಳು. ಮೊದಲ ತಿರುವಿನವರೆಗೆ ನೋಡಿ ಬರ್ತೀನಿ, ನೀನು ಬಿಲ್ಲೆ ನೋಡ್ಕೋ ಅಂತ ಕೈ ಬಿಡಿಸಿಕೊಂಡು ಹೋದರು.

ಅವರು ಗೇಟು ದಾಟುವುದಕ್ಕೂ ಅಕ್ಕ ಬಿಲ್ಲೆಯನ್ನು ಮೊಳೆಗೆ ಹಾಕುವುದಕ್ಕೂ ಸರಿಹೋಯಿತು. ಹೊರಗೆ ಓಡಿ ಬಂದು, ಬಂದ್ರು, ಇಳಿದು ಬಂದ್ರು, ವಾಪಸ್ ಬನ್ನಿ ಅಂತ ಕೂಗಿದಳು. ಅಷ್ಟರಲ್ಲಿ ಭಾವ ತಮ್ಮ ಬಸ್ಸಿನ ದನಿಯನ್ನು ಎತ್ತಿದ್ದರು. “ಅಮ್ಮಾ, ಹೆದರ್ಬೇಡಿ, ಅಲ್ಲೇ ಇರಿ, ನಾನು ಬರ್ತಾ ಇದ್ದೀನಿ.” ತಾನೇ ಕೂಗುವವನಿಗೆ ಇನ್ನೊಬ್ಬರ ಕೂಗು ಕೇಳೀತೇ? ಟಾರ್ಚಿನ ಬೆಳಕು ಮೊದಲ ತಿರುವಿನಲ್ಲಿ ನಿಲ್ಲಲಿಲ್ಲ. ಮೆಟ್ಟಿಲಿನ ಕಡೆ ತಿರುಗಿ ಮರೆಯಾಯಿತು. ದನಿ ಮಾತ್ರ ಮೇಲೆ ಮೇಲೆ ಹೋಗುತ್ತಿತ್ತು.

ಅಕ್ಕ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಆ ಒಂದು ಕ್ಷಣ ಅವಳಿಗೆ ಗೂಡಿಗೆ ವಾಪಸ್ ಹೋಗಿ ಕೂರೋಣ ಅನ್ನಿಸಿತಂತೆ. ಅವರು ಮೇಲೆ, ತಾನು ಕೆಳಗೆ, ಬಾಗಿಲು ಹಾಕಿಕೊಂಡರೆ ದನಿಯೂ ಕೇಳಿಸುವುದಿಲ್ಲ. ಅನ್ನಿಸಿದ ಮರುಕ್ಷಣವೇ ಕಚೇರಿಯ ಚಪ್ಪಲಿಯಲ್ಲೇ ಗುಡ್ಡ ಹತ್ತತೊಡಗಿದಳು.

ಜಲ್ಲಿಯಲ್ಲಿ ಚಪ್ಪಲಿ ಜಾರುತ್ತಿತ್ತು. ಮೆಟ್ಟಿಲುಗಳು ಒಂದೊಂದು ಒಂದೊಂದು ಎತ್ತರ. ಸಾವಿರಾರು ಜನಕ್ಕೆ ದಾರಿ ಬಹಳ ಸುಲಭ ಅಂತ ಹೇಳಿದವಳಿಗೆ ಆ ದಾರಿ ಎಂಥದ್ದು ಅಂತ ಅವತ್ತು ಗೊತ್ತಾಯಿತು. ಎರಡನೇ ಬೆಂಚಿನ ಹತ್ತಿರ ಭಾವ ಮೆಟ್ಟಿಲ ಮೇಲೆ ಕುಸಿದು ಕೂತಿದ್ದರು. ಎರಡೂ ಕೈಯಲ್ಲಿ ಎಡ ಮಂಡಿ ಹಿಡಿದುಕೊಂಡಿದ್ದರು. ಟಾರ್ಚು ಕೆಳಗಿನ ಪೊದೆಗೆ ಉರುಳಿ ಅಲ್ಲೇ ಉರಿಯುತ್ತಿತ್ತು. ಅಷ್ಟು ನೋವಿನಲ್ಲೂ ಕತ್ತು ಮೇಲೆತ್ತಿ ಕೂಗುತ್ತಲೇ ಇದ್ದರು.

ಇವಳನ್ನು ನೋಡಿದ್ದೇ, ನನ್ನನ್ನ ಬಿಡು, ಮೊದಲು ಆ ಹೆಂಗಸನ್ನ ನೋಡು ಅಂದರು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಆಗಲೂ ಸುಳ್ಳು ಹೇಳಬಹುದಿತ್ತು. ಅವಳು ಬೇರೆ ದಾರಿಯಲ್ಲಿ ಇಳಿದು ಹೋದಳು ಅಂದಿದ್ದರೆ ಭಾವ ನಂಬುತ್ತಿದ್ದರು, ಸಂತೋಷವನ್ನೂ ಪಡುತ್ತಿದ್ದರು. ಅಕ್ಕ ಬಾಯಿ ತೆರೆದಳು. ಭಾವ ಅದಕ್ಕೆ ಮೊದಲೇ, ಆ ಕತ್ತಲಲ್ಲಿ ಒಬ್ಬಳೇ ಎಷ್ಟು ಹೆದರಿರ್ತಾಳೋ ಅಂತ ಕಣ್ಣೊರೆಸಿಕೊಂಡರು.

“ಹೆದರಿಲ್ಲ ರೀ,” ಅಂದಳು ಅಕ್ಕ. “ಒಬ್ಬಳೇ ಇರೋಕೆ ಅಂತಾನೇ ಹೋಗಿದ್ದಳು. ಮೇಲೆ ಯಾರೂ ಇಲ್ಲ. ಬಿಲ್ಲೆ ನಾನೇ ತೆಗೆದಿಟ್ಕೊಂಡಿದ್ದೆ.”

ಭಾವನಿಗೆ ಅರ್ಥವಾಗಲಿಲ್ಲ. ಅಕ್ಕ ಅವರ ಪಕ್ಕದ ಮೆಟ್ಟಿಲಲ್ಲಿ ಕೂತು ಮೊದಲಿನಿಂದ ಹೇಳಿದಳು. ಮುದುಕ, ಮರದ ಎಲೆ, ಕನ್ನಡಕದ ಡಬ್ಬಿ, ಎರಡೂವರೆ ವರ್ಷ. ಸೇಬಿನ ವಿಷಯ ಮಾತ್ರ ಹೇಳಲಿಲ್ಲ. ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಅವಳು ಅಷ್ಟು ಹೊತ್ತು ಮಾತಾಡಿದ್ದೂ, ಅವರು ಅಷ್ಟು ಹೊತ್ತು ಕೇಳಿದ್ದೂ ಅದೇ ಮೊದಲು.

“ನನ್ನ ಜೊತೆ ಇರೋದು ಅಷ್ಟು ಕಷ್ಟಾನಾ?” ಅಂತ ಕೊನೆಗೆ ಕೇಳಿದರು.

“ನಿಮ್ಮ ಮೇಲೆ ಕೋಪ ಇದ್ದಿದ್ರೆ ಜಗಳ ಆಡಿ ಮುಗಿಸ್ತಿದ್ದೆ. ಕೋಪಾನೇ ಇಲ್ಲ. ಏನು ಮಾಡ್ಲಿ ಹೇಳಿ,” ಅಂದಳು.

ಅವರ ತೋಳನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು ಒಂದೊಂದೇ ಮೆಟ್ಟಿಲು ಇಳಿಸಿದಳು. ಕೆಳಗೆ ಬರುವವರೆಗೂ ಭಾವ ಒಂದು ಮಾತೂ ಆಡಲಿಲ್ಲ. ಅಕ್ಕನಿಗೆ ಬೇಕಾಗಿದ್ದ ಮೌನ ಅದಲ್ಲ. ಏನಾದರೂ ಅನ್ನಲಿ, ಬೈಯಲಿ ಅಂತ ಕಾದಳು. ಬಸ್ಸಿನಲ್ಲೂ ಅವರು ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು, ಕಂಡಕ್ಟರನನ್ನು ಕೂಡ ಮಾತಾಡಿಸಲಿಲ್ಲ.

ಮಂಡಿಗೆ ಪಟ್ಟಿ ಸುತ್ತಿ ಎರಡು ವಾರ ಮಲಗಿದರು. ಮಲಗಿದ್ದವರು ಯೋಚಿಸಿದರು. ಯೋಚಿಸಿ ಒಳ್ಳೆಯ ಮನುಷ್ಯರು ಮಾಡುವುದನ್ನೇ ಮಾಡಿದರು. ತಪ್ಪು ತಮ್ಮದು, ಹೆಂಡತಿಗೆ ದಿನಕ್ಕೆ ಒಂದು ಗಂಟೆ ಬೇಕು, ಅದನ್ನು ಕೊಡಿಸುವುದು ಗಂಡನ ಕರ್ತವ್ಯ ಅಂತ ತೀರ್ಮಾನಿಸಿದರು. ಆಮೇಲೆ ಊರಿಗೆಲ್ಲ ಡಂಗುರ ಸಾರಿದರು.

ಮೊದಲು ಅತ್ತಿಗೆಗೆ ಹೇಳಿದರು, ಅವರ ಕಿವಿಗೆ ಬೀಳುವಷ್ಟು ಗಟ್ಟಿಯಾಗಿ, ಅಂದರೆ ಮೂರೂ ಮಹಡಿಗೆ ಕೇಳುವಂತೆ. ಒಂದು ಗಂಟೆ ಯಾಕೆ, ಎರಡು ಗಂಟೆ ತಗೊಳ್ಳಲಿ, ನಾವೆಲ್ಲ ಭಾರವಾಗಿದ್ದೀವಲ್ಲ ಅಂತ ಅತ್ತಿಗೆ ಟೀವಿ ಆರಿಸಿ ಮುಖ ಊದಿಸಿಕೊಂಡು ಕೂತರು. ಮಗಳು ಅಮ್ಮನನ್ನು ತಬ್ಬಿಕೊಂಡು ಅತ್ತಳು. ಅವತ್ತಿನಿಂದ ಸಂಜೆ ಏಳಾದ ಕೂಡಲೇ ಫೋನ್ ಮಾಡಿ, ಅಮ್ಮಾ ನಿನ್ನ ಗಂಟೆ ಚೆನ್ನಾಗಿ ಆಯ್ತಾ ಅಂತ ಕೇಳತೊಡಗಿದಳು. ಮೆಟ್ಟಿಲಲ್ಲಿ ಸಿಕ್ಕ ಕೆಳಮನೆಯಾಕೆ, ಧ್ಯಾನ ಮಾಡ್ತೀರಂತೆ ಅಂದಳು.

ಅಷ್ಟಕ್ಕೆ ನಿಂತಿದ್ದರೆ ಸಾಕಿತ್ತು. ಮಂಡಿ ನೆಟ್ಟಗಾಗುತ್ತಲೇ ಭಾವ ಕೋಲೂರಿಕೊಂಡು ನಮ್ಮ ಕಚೇರಿಗೆ ಬಂದು ಸಾಹೇಬರ ಮುಂದೆ ನಿಂತರು. ಬಿಲ್ಲೆ ಬಚ್ಚಿಟ್ಟ ಸಂಗತಿಯನ್ನೂ ಬಿಡದೆ ಎಲ್ಲ ಒದರಿದರು. ಸುಳ್ಳು ಹೇಳಿ ಬದುಕುವುದು ಬೇಡ, ಅಧಿಕೃತವಾಗಿಯೇ ಒಂದು ಗಂಟೆ ಮಾಡಿಕೊಡಿ ಸಾರ್ ಅಂದರು. ಬಾಗಿಲ ಈಚೆ ಕೂತಿದ್ದ ನನ್ನ ಬೆರಳುಗಳು ಕೀಲಿಗಳ ಮೇಲೆ ಹಾಗೇ ನಿಂತವು. ಕೆಲಸ ಹೋಯಿತು ಅಂದುಕೊಂಡೆ. ಹುಡುಕುವ ದಳದ ನಿಯಮವನ್ನೇ ಆಟವಾಡಿಸಿದವಳನ್ನು ಮನೆಗೆ ಕಳಿಸಬಹುದಿತ್ತು. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ನನ್ನನ್ನು ಕರೆದು ಆದೇಶ ಬರೆಸಿದರು: ಬಿಲ್ಲೆಗಳೆಲ್ಲ ಆರು ಗಂಟೆಗೆ ಮೊಳೆಯಲ್ಲಿರತಕ್ಕದ್ದು, ದ್ವಾರದ ನೌಕರರು ಆರರಿಂದ ಏಳರವರೆಗೆ ಗೂಡಿನಲ್ಲಿ ವಿಶ್ರಮಿಸಲು ಅನುಮತಿಸಲಾಗಿದೆ, ಸದರಿ ಅವಧಿಯಲ್ಲಿ ಯಾರೂ ಅವರಿಗೆ ತೊಂದರೆ ಕೊಡತಕ್ಕದ್ದಲ್ಲ. ಅದನ್ನು ಟೈಪ್ ಮಾಡಿದ ಪಾಪವೂ ನನ್ನದೇ. ಗೂಡಿನ ಗೋಡೆಗೆ ಅಂಟಿಸಲು ಹೋದಾಗ ಅಕ್ಕ ನನ್ನ ಮುಖ ನೋಡಲಿಲ್ಲ. ಇಳಿದು ಬಂದ ಚಾರಣಿಗರು ಬಿಲ್ಲೆ ಹಾಕುವ ಮೊದಲು ಅದನ್ನು ಓದಿ ಅವಳ ಕಡೆ ನೋಡಿ ನಗುತ್ತಾರೆ. ಪುಣ್ಯವಂತರು ಅಂತ ಈಗ ಎರಡು ಸಲ ಹೇಳುತ್ತಾರೆ.

ಈಗ ಭಾವ ದಿನವೂ ಐದೂಮುಕ್ಕಾಲಿಗೆ ಬರುತ್ತಾರೆ. ಒಳಗೆ ಕಾಲಿಡುವುದಿಲ್ಲ. ಗೂಡಿನ ಹೊರಗೆ, ಕಿಟಕಿಯ ಕೆಳಗೆ, ಬೆಂಚು ಹಾಕಿಕೊಂಡು ಬೆನ್ನು ತಿರುಗಿಸಿ ಕೂರುತ್ತಾರೆ. ಯಾರಾದರೂ ಹತ್ತಿರ ಬಂದರೆ ತುಟಿಯ ಮೇಲೆ ಬೆರಳಿಟ್ಟು ಕೈಸನ್ನೆಯಲ್ಲೇ ಕಳಿಸುತ್ತಾರೆ. ಗಾರ್ಡಿಗೆ ಸೈಕಲ್ ಬೆಲ್ ಹೊಡೆಯಬೇಡ ಅಂತ ಹೇಳಿಟ್ಟಿದ್ದಾರೆ. ಒಂದು ಗಂಟೆ ಒಂದು ಅಕ್ಷರ ಆಡುವುದಿಲ್ಲ. ಮೂವತ್ತಮೂರು ವರ್ಷ ಕೂಗಿದ ಮನುಷ್ಯ ಬಾಯಿ ಮುಚ್ಚಿಕೊಂಡು ಕೂರುವುದೆಂದರೆ ಎಷ್ಟು ಕಷ್ಟ ಅಂತ ಅವರ ಕತ್ತಿನ ನರ ನೋಡಿದರೇ ಗೊತ್ತಾಗುತ್ತದೆ. ಒಳಗೆ ಕೂತವಳಿಗೆ ಕಿಟಕಿಯಿಂದ ಕಾಣುವುದು ಆ ಕತ್ತು ಒಂದೇ. ಅವರು ಕೆಮ್ಮು ಬಂದರೂ ತಡೆದುಕೊಳ್ಳುತ್ತಾರೆ, ತಡೆದುಕೊಂಡದ್ದು ಇವಳಿಗೆ ಕೇಳಿಸುತ್ತದೆ. ಮರದ ಎಲೆ ಈಗ ಅಲ್ಲಾಡುತ್ತದೆಯೋ ಇಲ್ಲವೋ ಗೊತ್ತಿಲ್ಲ ಅಂದಳು ಅಕ್ಕ.

ಬೇಡ ಅಂತ ಹೇಳಬಾರದಾ ಅಂತ ನಾನು ಕೇಳಿದೆ. ಇಷ್ಟು ಮಾಡಿದ ಮೇಲೂ ಸಾಲದು ಅಂತ ಯಾವ ಬಾಯಲ್ಲಿ ಹೇಳಲಿ ಅಂದಳು. ಮೊದಲು ನಾನೇ ಕೂರುತ್ತಿದ್ದೆ, ಈಗ ಎಲ್ಲರೂ ಸೇರಿ ಕೂರಿಸುತ್ತಾರೆ ಅಂದಳು. ಹೇಳುವಾಗ ಅಳಲಿಲ್ಲ. ಅಳಬೇಕಾದರೂ ಒಂದು ಜಾಗ ಬೇಕಲ್ಲ.

ಮೊನ್ನೆ ಕಚೇರಿಯಲ್ಲಿ ಕೆಲಸ ಹೆಚ್ಚಿತ್ತು. ನಾನು ಹೊರಟಾಗ ಆರು ಗಂಟೆ ಇಪ್ಪತ್ತು ನಿಮಿಷ. ಗೂಡಿನ ಮುಂದೆ ಬಂದಾಗ ಬಾಗಿಲು ತೆರೆಯಿತು. ಅಕ್ಕ ಕೋಟು ಹಾಕಿಕೊಂಡು, ಕೈಚೀಲ ಹಿಡಿದು ಹೊರಗೆ ಬಂದಳು. ಸಾಕು ರೀ, ಮನೆಗೆ ಹೋಗೋಣ ಅಂದಳು. ಭಾವ ಗಾಬರಿಯಿಂದ ಎದ್ದು ನಿಂತರು. ವಾಚು ನೋಡಿಕೊಂಡರು. ಅವಳ ಮುಖ ನೋಡಿದರು. ಎಲ್ಲಾದರೂ ಸದ್ದು ಮಾಡಿಬಿಟ್ಟೆನೇನೋ ಅನ್ನುವಂತೆ ತಮ್ಮ ಕೋಲನ್ನು ಎತ್ತಿ ಎದೆಗೆ ಒತ್ತಿಕೊಂಡರು.

“ಇನ್ನೂ ನಲವತ್ತು ನಿಮಿಷ ಇದೆ, ಕೂತ್ಕೋ,” ಅಂದರು ಪಿಸುಮಾತಿನಲ್ಲಿ. “ನಾನೇನೂ ಮಾತಾಡ್ತಿಲ್ಲ ಅಲ್ವಾ?”

ಅಕ್ಕ ನನ್ನ ಕಡೆ ಒಂದು ಸಲ ನೋಡಿದಳು. ಇಲ್ಲ ರೀ, ನೀವೇನೂ ಮಾತಾಡ್ತಿಲ್ಲ ಅಂದಳು. ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಕೋಟು ಕೂಡ ಬಿಚ್ಚದೆ ಕುರ್ಚಿಯಲ್ಲಿ ಕೂತಳು.